ಯೆಜ್ಡಿ ಹೊರಲು ಒಂದು ಹಳೆಯ ವ್ಯಾನ್

ಪೆಟ್ರೋಲ್ ಟ್ಯಾಂಕಿನ ಎಡಬದಿಯಲ್ಲಿ ಅಂಗೈ ಅಗಲದಷ್ಟು ಬಣ್ಣ ಕಿತ್ತುಹೋಗಿತ್ತು. ಬಾಡಿಗೆಯ ತೆರೆದ ಗೂಡ್ಸ್ ಗಾಡಿಯಲ್ಲಿ, ಮಳೆಯಲ್ಲಿ ನೆನೆದು ಸಡಿಲವಾದ ನೈಲಾನ್ ಹಗ್ಗ ಸಕಲೇಶಪುರದಿಂದ ಮೈಸೂರಿನವರೆಗೂ ಅದೇ ಜಾಗವನ್ನು ಉಜ್ಜುತ್ತಾ ಬಂದಿತ್ತು. ಬೈಕು ನಿವೃತ್ತ ಮೇಷ್ಟ್ರೊಬ್ಬರದು. ಯೆಜ್ಡಿ ರೋಡ್‌ಕಿಂಗ್. ಕೊಂಡ ದಿನದ ಬಣ್ಣವನ್ನು ಅವರು ಅಷ್ಟು ವರ್ಷ ಒರೆಸಿ ಒರೆಸಿ ಉಳಿಸಿಕೊಂಡಿದ್ದರು. ನನ್ನ ತಮ್ಮ ಷೆಡ್ಡಿನ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದ. "ಬಣ್ಣ ಹೊಡೆಯಬಹುದು ಅಕ್ಕ. ಆದರೆ ಕಾರ್ಖಾನೆಯಿಂದ ಬಂದ ಬಣ್ಣವನ್ನು ನಾನು ಎಲ್ಲಿಂದ ತರಲಿ?" ಎಂದ.

ಹಳೆಯ ವ್ಯಾನ್ ಕೊಳ್ಳುವ ಮಾತು ಶುರುವಾದದ್ದು ಆ ಸಂಜೆ. ನನ್ನ ತಮ್ಮ ಹಳೆಯ ಜಾವಾ, ಯೆಜ್ಡಿಗಳನ್ನು ರಿಪೇರಿ ಮಾಡುತ್ತಾನೆ. ನಾನು ಅವನ ಲೆಕ್ಕ, ಕಾಗದಪತ್ರ ನೋಡಿಕೊಳ್ಳುತ್ತೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿಂದ ಹೊರಬಂದ ಬೈಕುಗಳು ಇನ್ನೂ ಹಾಸನ, ಕೊಡಗು, ಚಾಮರಾಜನಗರದ ಹಳ್ಳಿಗಳ ಕೊಟ್ಟಿಗೆಗಳಲ್ಲಿ, ಕಾಫಿ ತೋಟದ ಗೋದಾಮುಗಳಲ್ಲಿ ನಿಂತಿವೆ. ಅವು ಓಡುವುದಿಲ್ಲ, ಆದ್ದರಿಂದಲೇ ಅವನನ್ನು ಕರೆಯುತ್ತಾರೆ. ಓಡದ ಬೈಕನ್ನು ತರಲು ತಿಂಗಳಿಗೆ ಎರಡು ಮೂರು ಬಾರಿ ಬಾಡಿಗೆ ಗಾಡಿ ಹಿಡಿಯಬೇಕು. ಅದರ ಖರ್ಚಿಗಿಂತ ಹೆಚ್ಚಾಗಿ ನಮ್ಮನ್ನು ಕಾಡುತ್ತಿದ್ದುದು ದಾರಿಯುದ್ದಕ್ಕೂ ಬೈಕಿಗೆ ಏನಾಗುತ್ತದೋ ಎಂಬ ಭಯ. ಮುಚ್ಚಿದ ಗಾಡಿ ಬೇಕು, ಅವನೊಬ್ಬನೇ ಓಡಿಸುವಂತಿರಬೇಕು, ನಮ್ಮ ಬೀದಿಯಲ್ಲಿ ನಿಲ್ಲಬೇಕು, ಎಲ್ಲ ಸೇರಿ ಮೂರು ಲಕ್ಷ ದಾಟಬಾರದು. ಇಷ್ಟು ನಮ್ಮ ಷರತ್ತು.

ನಾನು ಮೊದಲು ಮಾಡಿದ ತಪ್ಪನ್ನು ಇಲ್ಲೇ ಹೇಳುತ್ತೇನೆ. ಜಾಹೀರಾತುಗಳಲ್ಲಿ ಗಾಡಿಯ ವರ್ಷ, ಓಡಿದ ಕಿಲೋಮೀಟರ್, ಬೆಲೆ ನೋಡಿ ಪಟ್ಟಿ ಮಾಡುತ್ತಾ ಕುಳಿತೆ. ಒಂದು ವಾರ ಹಾಗೇ ಹೋಯಿತು. ತಮ್ಮ ಆ ಪಟ್ಟಿಯನ್ನು ಓದಲೇ ಇಲ್ಲ. ಹಿತ್ತಲಿನಿಂದ ಎರಡು ಬಿದಿರುಕೋಲು ತಂದು ರೋಡ್‌ಕಿಂಗ್ ಪಕ್ಕದಲ್ಲಿ ಕುಳಿತ. ಒಂದು ಕೋಲನ್ನು ಮುಂದಿನ ಟೈರಿನ ತುದಿಯಿಂದ ಹಿಂದಿನ ಮಡ್ಗಾರ್ಡಿನ ತುದಿಯವರೆಗೆ ಅಳೆದು ಕತ್ತರಿಸಿದ. ಎರಡು ಮೀಟರಿಗೆ ಎರಡು ಬೆರಳು ಹೆಚ್ಚು. ಇನ್ನೊಂದನ್ನು ನೆಲದಿಂದ ಹ್ಯಾಂಡಲಿನ ಮೇಲ್ತುದಿಗೆ ಅಳೆದ. ಕನ್ನಡಿ ಬಿಚ್ಚಿಟ್ಟ ಮೇಲೂ ಅದು 1 ಮೀಟರ್ 5 ಸೆಂಟಿಮೀಟರ್ ಇತ್ತು. ಆಮೇಲೆ ಮುಂದಿನ ಚಕ್ರ ಮತ್ತು ಮಡ್ಗಾರ್ಡ್ ಬಿಚ್ಚಿ, ಚಕ್ರವನ್ನು ಹಿಡಿಯುವ ಎರಡು ಕಾಲಿನ ಫೋರ್ಕಿನ ತುದಿಯನ್ನು ಗೇಣೆತ್ತರದ ಮರದ ದಿಮ್ಮಿಯ ಮೇಲೆ ಕೂರಿಸಿ ಮತ್ತೆ ಅಳೆದ. ಉದ್ದ 1 ಮೀಟರ್ 70ಕ್ಕೆ ಇಳಿಯಿತು, ಎತ್ತರ 97 ಸೆಂಟಿಮೀಟರಿಗೆ ಇಳಿಯಿತು. ಆ ಎರಡು ಜಾಗದಲ್ಲಿ ಕೋಲುಗಳಿಗೆ ಕೆಂಪು ದಾರ ಸುತ್ತಿದ.

ಅಲ್ಲಿಂದಾಚೆಗೆ ನಾವು ಯಾವ ಗಾಡಿ ನೋಡಲು ಹೋದರೂ ಎಂಜಿನ್ ಚಾಲೂ ಮಾಡಿಸುವ ಮೊದಲು ಹಿಂಬಾಗಿಲು ತೆಗೆಸಿ ಕೋಲು ಇಡುತ್ತಿದ್ದೆವು. ಮಾರುವವರು ವಿಚಿತ್ರವಾಗಿ ನೋಡುತ್ತಿದ್ದರು. ಒಳಗೆ ಎಷ್ಟೇ ಎತ್ತರವಿದ್ದರೂ ಬಾಗಿಲಿನ ಚೌಕಟ್ಟು ತಗ್ಗಿದ್ದರೆ ಬೈಕು ಒಳಗೆ ಹೋಗುವುದಿಲ್ಲ. ಈ ಅಳತೆಯನ್ನು ಜಾಹೀರಾತಿನಲ್ಲಿ ಯಾರೂ ಕೊಡುವುದಿಲ್ಲ.

ಮೊದಲು ನೋಡಿದ್ದು ಬಿಳಿ ಬೋರ್ಡಿನ ಮಾರುತಿ ಓಮ್ನಿ. 1984ರಿಂದ 2019ರವರೆಗೆ ತಯಾರಾದ ಗಾಡಿ, ಬಿಡಿಭಾಗ ಯಾವ ಊರಿನಲ್ಲಾದರೂ ಸಿಗುತ್ತದೆ, ಬೆಲೆಯೂ ಕಡಿಮೆ. ಆದರೆ ಅದರ ಒಟ್ಟು ಉದ್ದವೇ 3,370 ಮಿಲಿಮೀಟರ್. ಮುಂದಿನ ಸೀಟುಗಳನ್ನು ಕಳೆದರೆ ನಮ್ಮ ಉದ್ದದ ಕೋಲಿಗೆ ಜಾಗವೇ ಇಲ್ಲ, ಕೆಂಪು ದಾರದವರೆಗಿನ ಅಳತೆಯೂ ಇಕ್ಕಟ್ಟು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಅದು ಐದು ಸೀಟಿನ ಖಾಸಗಿ ವಾಹನವೆಂದು ನೋಂದಣಿಯಾದ ಗಾಡಿ. ಹಿಂದಿನ ಸೀಟನ್ನು ಕಾಯಂ ಆಗಿ ಕಿತ್ತು ಸಾಮಾನು ಗಾಡಿ ಮಾಡಿಕೊಂಡರೆ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಇರುವುದೇ ಒಂದು, ರಸ್ತೆಯಲ್ಲಿ ಓಡುವುದೇ ಇನ್ನೊಂದು ಎಂದಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೆ ಅವಕಾಶ ಕೊಡುವುದಿಲ್ಲ. ಎಷ್ಟೋ ಜನ ಹಾಗೆ ಓಡಿಸುತ್ತಾರೆ, ನಿಜ. ಅಪಘಾತವಾದ ದಿನ ವಿಮಾ ಕಂಪನಿಯವರು ಮೊದಲು ಕೇಳುವುದು ಆರ್‌ಸಿಯನ್ನೇ. ಬೇರೆಯವರ ಬೈಕನ್ನು ಹೊತ್ತು ತರುವ ಗಾಡಿಯಲ್ಲಿ ಅಂಥ ಅಪಾಯ ಬೇಡವೆಂದು ನಾನು ಹಟ ಹಿಡಿದೆ.

ಎರಡನೆಯದು ಟಾಟಾ ವಿಂಗರ್, ಹಿಂದೆ ಆಂಬುಲೆನ್ಸ್ ಆಗಿದ್ದದ್ದು. ಇದನ್ನು ಬಿಟ್ಟು ಬಂದದ್ದಕ್ಕೆ ತಮ್ಮನಿಗೆ ಇವತ್ತಿಗೂ ಬೇಸರವಿದೆ. ವಿಂಗರಿನಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಹಿಂದಿನ ಚಕ್ರಗಳನ್ನು ತಿರುಗಿಸಲು ನೆಲದಡಿ ಹೋಗುವ ದಂಡ, ಪ್ರೊಪೆಲ್ಲರ್ ಶಾಫ್ಟ್, ಇಲ್ಲದ್ದರಿಂದ ನೆಲ ತಗ್ಗಿನಲ್ಲಿದೆ, ಹಲಗೆ ಇಟ್ಟರೆ ಏರು ಕಡಿಮೆ. ಕೋಲುಗಳೆರಡೂ ಸಲೀಸಾಗಿ ಒಳಗೆ ಹೋದವು. ಒಂದಲ್ಲ, ಎರಡು ಯೆಜ್ಡಿಗಳನ್ನು ಪಕ್ಕಪಕ್ಕ ನಿಲ್ಲಿಸಬಹುದಿತ್ತು. ಆದರೆ ಆರ್‌ಸಿಯಲ್ಲಿ ಅದಿನ್ನೂ ಆಂಬುಲೆನ್ಸ್ ಆಗಿಯೇ ಇತ್ತು. "ಅದನ್ನೆಲ್ಲ ಆಮೇಲೆ ಮಾಡಿಸಿಕೊಳ್ಳಬಹುದು ಮೇಡಂ, ನಮ್ಮ ಏಜೆಂಟ್ ಇದ್ದಾನೆ" ಎಂದರು ಮಾರುವವರು. ವಾಹನದ ವರ್ಗ ಬದಲಾಯಿಸುವುದು ಬರೀ ಹೆಸರು ವರ್ಗಾಯಿಸಿದಷ್ಟು ಹಗುರದ ಕೆಲಸವಲ್ಲ. ಆ ಕೆಲಸ ಮುಗಿಯುವವರೆಗೆ ಗಾಡಿ ಷೆಡ್ಡಿನ ಮುಂದೆ ನಿಂತಿರಬೇಕಿತ್ತು. ನೀವೇ ಬದಲಾಯಿಸಿ ಕೊಡಿ, ಹೆಚ್ಚಿಗೆ ಹಣ ಕೊಡುತ್ತೇವೆ ಎಂದೆ. ಒಪ್ಪಲಿಲ್ಲ. ಅಲ್ಲಿಗೆ ಬಿಟ್ಟೆವು. ಕಾಗದ ಸರಿಯಿರುವ ವಿಂಗರ್ ಸಿಕ್ಕಿ, ನಿಲ್ಲಿಸಲು ಜಾಗವೂ ಇದ್ದವರು ಅದನ್ನೇ ಕೊಳ್ಳಲಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಮೂರನೆಯದು ಹಿಂದೆ ಡಬ್ಬಿಯಂತೆ ಮುಚ್ಚಿದ ಬಾಡಿ ಕಟ್ಟಿಸಿದ ಟಾಟಾ ಏಸ್. ಏಳು ಅಡಿ ಉದ್ದದ ಹಾಸು, ಬೈಕು ಚಕ್ರ ಬಿಚ್ಚದೆ ನಿಲ್ಲುತ್ತದೆ. ಎರಡು ಕಾರಣಕ್ಕೆ ಮನಸ್ಸು ಒಪ್ಪಲಿಲ್ಲ. ಹಾಸು ಎತ್ತರದಲ್ಲಿದೆ, ಒಬ್ಬನೇ ಏರಿಸುವುದು ಕಷ್ಟ. ಜೊತೆಗೆ, ಮುಕ್ಕಾಲು ಟನ್ ಹೊರಲೆಂದು ಮಾಡಿದ ಪಟ್ಟಾ ಸ್ಪ್ರಿಂಗುಗಳ ಮೇಲೆ 140 ಕಿಲೋದ ಬೈಕನ್ನು ಇಟ್ಟರೆ ಆ ಸ್ಪ್ರಿಂಗುಗಳು ಬಾಗುವುದೇ ಇಲ್ಲ. ಗುಂಡಿಯ ಹೊಡೆತವೆಲ್ಲ ನೇರವಾಗಿ ಬೈಕಿಗೆ ತಟ್ಟುತ್ತದೆ. ಹಳೆಯ ಹೆಡ್‌ಲ್ಯಾಂಪಿನ ಗಾಜು, ತುಕ್ಕು ತಿಂದ ಮಡ್ಗಾರ್ಡಿನ ಕೊಂಡಿ ಇಂಥವು ಮುರಿಯುವುದು ಹೀಗೆಯೇ.

ಉಳಿದದ್ದು ಮಾರುತಿ ಈಕೋ ಕಾರ್ಗೋ. 1,196 ಸಿಸಿ ಪೆಟ್ರೋಲ್ ಎಂಜಿನ್, 3,675 ಮಿಲಿಮೀಟರ್ ಉದ್ದ, ಹಿಂದೆ ಪಟ್ಟಾ ಅಲ್ಲದ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್, ಮುಂದೆ ಎರಡೇ ಸೀಟು. ಹುಟ್ಟಿನಿಂದಲೇ ಗೂಡ್ಸ್ ಗಾಡಿಯೆಂದು ನೋಂದಣಿಯಾದದ್ದರಿಂದ ಸೀಟಿನ ತಕರಾರೂ ಇಲ್ಲ. ಉದ್ದದ ಕೋಲು ಇಲ್ಲೂ ಪೂರ್ತಿ ಹಿಡಿಸಲಿಲ್ಲ. ಎತ್ತರದ ಕೋಲು ಬಾಗಿಲಿನ ಮೇಲಂಚಿಗೆ ತಗುಲಿತು. ಆದರೆ ಕೆಂಪು ದಾರಗಳ ಅಳತೆಗೆ ಎರಡೂ ಒಳಗೆ ಕುಳಿತವು. ಮುಂದಿನ ಚಕ್ರ ಬಿಚ್ಚುವುದು ನಮಗೆ ಒಪ್ಪಿಗೆಯೇ ಎಂಬುದಷ್ಟೇ ಪ್ರಶ್ನೆಯಾಗಿ ಉಳಿಯಿತು. ವಾರ ವಾರವೂ ರೇಸಿಗೆ ಹೋಗುವವನಿಗೆ, ಎರಡು ಕ್ವಿಂಟಾಲಿನ ಹೊಸ ಬೈಕು ಇರುವವನಿಗೆ ಅದು ಒಪ್ಪಿಗೆಯಾಗಲಾರದು. ತಮ್ಮನಿಗೆ ಚಕ್ರ ಬಿಚ್ಚುವುದು ದಿನದ ಕೆಲಸ.

ಈಕೋಗಳನ್ನೇ ಮೂರು ನೋಡಿದೆವು. ಇಲ್ಲಿ ನಾನು ಕಲಿತದ್ದು ಒಂದಿದೆ. ಹಳೆಯ ಗೂಡ್ಸ್ ವ್ಯಾನಿನಲ್ಲಿ ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುವುದಕ್ಕಿಂತ ಮೊದಲು ಏನನ್ನು ಹೊತ್ತಿತ್ತು ಎಂದು ಕೇಳಬೇಕು. ಮೊದಲನೆಯ ಈಕೋ ಹೊರಗಿನಿಂದ ಹೊಳೆಯುತ್ತಿತ್ತು, ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಬಟ್ಟೆ ಅಂಗಡಿಯ ಗಾಡಿ ಎಂದರು. ತಮ್ಮ ಹಿಂದಿನ ರಬ್ಬರ್ ಮ್ಯಾಟಿನ ಮೂಲೆಯನ್ನು ಎತ್ತಿದ. ಹುಳಿ ಬಂದ ಹಾಲಿನ ವಾಸನೆ ಮುಖಕ್ಕೆ ಹೊಡೆಯಿತು. ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ತಟ್ಟುತ್ತಾ ಹೋದ. ಟಣ್, ಟಣ್ ಎನ್ನುತ್ತಿದ್ದದ್ದು ಚಕ್ರದ ಗೂಡಿನ ಹತ್ತಿರ ಬೊದ್ದು ಸದ್ದಾಯಿತು. ಅಲ್ಲಿ ತುದಿಯನ್ನು ಸ್ವಲ್ಪ ಒತ್ತಿದ್ದೇ ತಡ, ಸ್ಕ್ರೂಡ್ರೈವರ್ ತಗಡನ್ನು ತೂರಿಕೊಂಡು ಕೆಳಗೆ ಹೋಯಿತು, ರಂಧ್ರದಲ್ಲಿ ನೆಲ ಕಂಡಿತು. ಬೈಕನ್ನು ಬಿಗಿಯುವ ಕೊಂಡಿಗಳನ್ನು ಕೂರಿಸಬೇಕಾದದ್ದು ಅದೇ ತಗಡಿನ ಮೇಲೆ. ಹಾಲು, ಮೀನು ಸಾಗಿಸಿದ ಗಾಡಿಯ ನೆಲಕ್ಕೆ ತುಕ್ಕಿನ ಕಾಟ. ನೀರಿನ ಕ್ಯಾನು, ಸಿಲಿಂಡರ್ ಹೊತ್ತ ಗಾಡಿಯ ಸ್ಪ್ರಿಂಗು ಸೋತಿರುತ್ತದೆ.

ಎರಡನೆಯದಕ್ಕೆ ಆಮೇಲೆ ಗ್ಯಾಸ್ ಕಿಟ್ ಹಾಕಿಸಿದ್ದರು. ಸಿಲಿಂಡರ್ ನಮ್ಮ ಬೈಕಿನ ಜಾಗದಲ್ಲೇ ಕುಳಿತಿತ್ತು, ಕಾಲಕಾಲಕ್ಕೆ ಆಗಬೇಕಾದ ಸಿಲಿಂಡರ್ ಪರೀಕ್ಷೆಯೂ ಆಗಿರಲಿಲ್ಲ.

ಮೂರನೆಯದು ಬೇಕರಿಯೊಂದರ ಬ್ರೆಡ್ ಗಾಡಿ, 2018ರದು. ಬ್ರೆಡ್ ಹಗುರ, ಒಣ ಸಾಮಾನು. ನೆಲದ ತಗಡು ಗಟ್ಟಿಯಾಗಿತ್ತು, ಸ್ಪ್ರಿಂಗು ಕುಗ್ಗಿರಲಿಲ್ಲ. ಆದರೆ ಬ್ರೆಡ್ ಗಾಡಿ ಬೆಳಗಿನಿಂದ ಮಧ್ಯಾಹ್ನದವರೆಗೆ ನೂರು ಅಂಗಡಿಗಳ ಮುಂದೆ ನಿಂತು ನಿಂತು ಹೊರಡುತ್ತದೆ. ಹಾಗಾಗಿ ಎಲ್ಲಿ ಸವೆದಿರುತ್ತದೆ ಎಂದು ಮೊದಲೇ ಗೊತ್ತಿತ್ತು: ಕ್ಲಚ್, ಸ್ಟಾರ್ಟರ್, ಪಕ್ಕದ ಜಾರುಬಾಗಿಲಿನ ಉರುಳೆಗಳು. ಮೂರೂ ಸವೆದಿದ್ದವು. ಅದನ್ನು ನೋಡಿ ತಮ್ಮನಿಗೆ ಸಮಾಧಾನವೇ ಆಯಿತು, ಏಕೆಂದರೆ ಅವರು ಹೇಳಿದ ಕತೆಯೂ ಗಾಡಿಯ ಸವೆತವೂ ತಾಳೆಯಾಗುತ್ತಿದ್ದವು. ಬೆಳಿಗ್ಗೆ ಬೇಗ ಹೋಗಿ ತಣ್ಣಗಿದ್ದ ಎಂಜಿನ್ ಚಾಲೂ ಮಾಡಿಸಿದ. ಮುಂದಿನ ಸೀಟು ಎತ್ತಿ ಆಯಿಲ್ ಮುಚ್ಚಳದ ಒಳಬದಿಯನ್ನು ಬೆರಳಿನಿಂದ ಒರೆಸಿ ನೋಡಿದ, ಆಯಿಲಿಗೆ ನೀರು ಸೇರಿದ್ದನ್ನು ತೋರಿಸುವ ಬಿಳಿ ನೊರೆ ಇರಲಿಲ್ಲ. ಒಂದನೇ ಗೇರಿನಿಂದ ರಿವರ್ಸಿಗೆ ಹಾಕಿದಾಗ ಹಿಂದಿನಿಂದ ಧಡಕ್ ಎಂಬ ಸದ್ದು ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟುಗಳು ಹೋಗಿವೆ ಎಂದರ್ಥ. ಬರಲಿಲ್ಲ. ರಿಂಗ್ ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಹಿಂದಿನ ಆಕ್ಸಲಿನಿಂದ ಗುಂಯ್‌ಗುಟ್ಟುವ ಸದ್ದೂ ಇರಲಿಲ್ಲ.

ಮುಂದಿನದು ನನ್ನ ಪಾಲಿನ ಕೆಲಸ. ವಾಹನ ನೋಂದಣಿಯ ಸರ್ಕಾರಿ ಜಾಲತಾಣವಾದ ವಾಹನ್‌ನಲ್ಲಿ ನೋಡಿದಾಗ ಗಾಡಿಯ ಮೇಲೆ ಇನ್ನೂ ಸಾಲ ಕೊಟ್ಟ ಬ್ಯಾಂಕಿನ ಹೆಸರಿತ್ತು. ಸಾಲ ತೀರಿಸಿ ಎರಡು ವರ್ಷವಾಗಿದೆ ಎಂದು ಮಾಲೀಕರು ಹೇಳಿದರು, ಸುಳ್ಳಲ್ಲ. ಬ್ಯಾಂಕಿನ ಪತ್ರ ಅವರ ಬೀರುವಿನಲ್ಲೇ ಇತ್ತು. ಆದರೆ ಸಾಲ ತೀರಿತೆಂದು ತಿಳಿಸುವ ಫಾರಂ 35 ಕೊಟ್ಟು ಆರ್‌ಸಿಯಿಂದ ಆ ಹೆಸರನ್ನು ತೆಗೆಸಿರಲಿಲ್ಲ. ಅದು ಮುಗಿಯುವವರೆಗೆ ಮುಂಗಡ ಹತ್ತು ಸಾವಿರಕ್ಕಿಂತ ಹೆಚ್ಚು ಕೊಡುವುದಿಲ್ಲವೆಂದೆ. ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಎಫ್‌ಸಿ, ಮುಗಿಯಲು ಒಂದು ತಿಂಗಳು ಬಾಕಿಯಿತ್ತು. ಗೂಡ್ಸ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ ಮಾಡಿಸಬೇಕು. ಗಾಡಿಗೆ ಆಗಲೇ ಏಳು ವರ್ಷ. ಅಂದರೆ ಎಂಟು ತುಂಬಿದ ಮೇಲೆ ಪ್ರತಿವರ್ಷದ ಖರ್ಚು ನಮ್ಮ ತಲೆಯ ಮೇಲೆ. ಇದನ್ನೂ ಕ್ಲಚ್ಚಿನ ಖರ್ಚನ್ನೂ ಮುಂದಿಟ್ಟು ಮಾತನಾಡಿದೆವು. 3 ಲಕ್ಷ 20 ಸಾವಿರ ಎಂದಿದ್ದವರು 2 ಲಕ್ಷ 75 ಸಾವಿರಕ್ಕೆ ಬಂದರು. ಮಾಲೀಕತ್ವ ವರ್ಗಾಯಿಸುವ ಫಾರಂ 29 ಮತ್ತು 30ಕ್ಕೆ ಸಹಿ ಬಿದ್ದದ್ದು ಸಾಲದ ಹೆಸರು ಅಳಿದ ಮೇಲೆಯೇ.

ಸಾರಿಗೆ ವಾಹನಗಳ ಹಳದಿ ಬೋರ್ಡ್ ಎಂದರೆ ಹೆದರುವವರು ಬಹಳ. ನಾನೂ ಹೆದರಿದ್ದೆ. ವಿಚಾರಿಸಿದರೆ ಅಷ್ಟು ಭಯಪಡುವಂಥದ್ದಿಲ್ಲ. ಒಟ್ಟು ತೂಕ 3,000 ಕಿಲೋ ಮೀರದ ಗೂಡ್ಸ್ ಗಾಡಿಗೆ ಕಾಯ್ದೆಯ 66ನೇ ಕಲಮಿನಡಿ ಪರ್ಮಿಟ್ ಬೇಕಾಗಿಲ್ಲ. ಕಾರಿನ ಲೈಸೆನ್ಸ್ ಇರುವವರು 7,500 ಕಿಲೋದೊಳಗಿನ ಸಾರಿಗೆ ವಾಹನ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿದೆ, ಆದ್ದರಿಂದ ತಮ್ಮನ ಲೈಸೆನ್ಸೇ ಸಾಕಾಯಿತು. ಕೈ ಸುಡುವುದು ವಿಮೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಲ್ಲಿ ಈಕೋ ಗಾತ್ರದ ಎಂಜಿನ್ ಇರುವ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ವಿಮೆಯ (ಅಪಘಾತದಲ್ಲಿ ಬೇರೆಯವರಿಗಾದ ನಷ್ಟ ಭರಿಸುವ ವಿಮೆ) ಕಂತು ವರ್ಷಕ್ಕೆ 3,416 ರೂಪಾಯಿ. ಬಾಡಿಗೆಗೆ ಸಾಮಾನು ಸಾಗಿಸುವ ಗೂಡ್ಸ್ ಗಾಡಿಗೆ 16,049. ಸ್ವಂತ ಸಾಮಾನು ಮಾತ್ರ ಸಾಗಿಸುವುದಾದರೆ 8,510. ತಮ್ಮ ಕಡಿಮೆಯದನ್ನೇ ಮಾಡಿಸೋಣ ಎಂದ. ಗಾಡಿಯಲ್ಲಿ ಬರುವುದು ಗಿರಾಕಿಗಳ ಬೈಕು, ರಿಪೇರಿ ಬಿಲ್ಲಿನಲ್ಲಿ ತಂದ ಖರ್ಚೂ ಸೇರುತ್ತದೆ. ಇದನ್ನು ಸ್ವಂತ ಸಾಮಾನು ಎನ್ನಲು ನನಗೆ ಬಾಯಿ ಬರಲಿಲ್ಲ. ಹೆಚ್ಚಿನದನ್ನೇ ಕಟ್ಟಿದೆವು. ಥರ್ಡ್ ಪಾರ್ಟಿ ವಿಮೆ ಒಳಗಿರುವ ಬೈಕಿಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು.

ಇನ್ನು ಏರಿಸುವ ಕೆಲಸ. ಈಕೋದ ಹಿಂಬಾಗಿಲಿನ ಹೊಸ್ತಿಲು ನೆಲದಿಂದ 62 ಸೆಂಟಿಮೀಟರ್ ಮೇಲಿತ್ತು. ಬೈಕಿನ ತೂಕವನ್ನು ಆ ಎತ್ತರದಿಂದ ಗುಣಿಸಿ ಹಲಗೆಯ ಉದ್ದದಿಂದ ಭಾಗಿಸಿದರೆ ಎಷ್ಟು ಬಲದಿಂದ ತಳ್ಳಬೇಕು ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. ಒಂದೂವರೆ ಮೀಟರಿನ ಹಲಗೆಯಾದರೆ 58 ಕಿಲೋ ಬಲ. ಎರಡು ಮೀಟರಾದರೆ 43. ಎರಡೂವರೆ ಮೀಟರಾದರೆ 35. ತಮ್ಮ ಎರಡು ಮೀಟರ್ ಸಾಕೆಂದ. ಮೊದಲ ದಿನವೇ ಹಲಗೆಯ ತುದಿಯಲ್ಲಿ, ಹೊಸ್ತಿಲ ಏಣಿನ ಮೇಲೆ, ಯೆಜ್ಡಿಯ ಎರಡೂ ಸೈಲೆನ್ಸರುಗಳು ಕರ್ ಎಂದು ಕೆರೆದವು. ಏರು ಕಡಿದಾದಷ್ಟೂ ಬೈಕಿನ ಹೊಟ್ಟೆ ಆ ಏಣಿಗೆ ತಗಲುತ್ತದೆ. ಎರಡೂವರೆ ಮೀಟರಿನದನ್ನೇ ಮಾಡಿಸಿದೆವು, ಮಧ್ಯದಲ್ಲಿ ಕೀಲು ಹಾಕಿಸಿ ಮಡಚಿಡುವಂತೆ. ಅದರ ಪಕ್ಕದಲ್ಲೇ ಮನುಷ್ಯ ಹತ್ತಲು ಇನ್ನೊಂದು ಹಲಗೆ. ಈ ಎರಡನೆಯ ಹಲಗೆಯನ್ನು ಎಲ್ಲರೂ ಮರೆಯುತ್ತಾರೆ. ಬೈಕು ಮೇಲೆ, ಮನುಷ್ಯ ಕೆಳಗೆ ನಿಂತು ತಳ್ಳುವ ಹೊತ್ತಿನಲ್ಲಿ ಕೈ ಜಾರಿದರೆ ಬೈಕು ಅವನ ಮೇಲೆಯೇ ಬೀಳುತ್ತದೆ.

ಹ್ಯಾಂಡಲ್ ಬಾಗಿಲಿಗೆ ತಗಲುವ ತೊಡಕಿಗೆ ತಮ್ಮ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಅವನು ಬೈಕನ್ನು ಹಿಮ್ಮುಖವಾಗಿ ಏರಿಸುತ್ತಾನೆ. ಬಾಲ ತಗ್ಗಿರುವುದರಿಂದ ಹಿಂದಿನ ಚಕ್ರ, ಸೀಟು, ಟ್ಯಾಂಕು ಸಲೀಸಾಗಿ ಒಳಗೆ ಹೋಗುತ್ತವೆ. ನಡುವಿನ ಸ್ಟ್ಯಾಂಡ್ ವ್ಯಾನಿನ ನೆಲದ ಮೇಲೆ ಬಂದ ಕೂಡಲೇ ಅದನ್ನು ಹಾಕುತ್ತಾನೆ. ಆಗ ಬೈಕು ಒಳಗೆ ನಿಂತಿರುತ್ತದೆ, ಹ್ಯಾಂಡಲೂ ಮುಂದಿನ ಚಕ್ರವೂ ಬಾಗಿಲಾಚೆ ಗಾಳಿಯಲ್ಲಿರುತ್ತವೆ. ಅವನು ಹೊರಗೆ ನೇರವಾಗಿ ನಿಂತೇ ಬ್ರೇಕ್ ಕೇಬಲ್ ಕಳಚಿ, ಆಕ್ಸಲ್ ಎಳೆದು, ಚಕ್ರವನ್ನೂ ಮಡ್ಗಾರ್ಡನ್ನೂ ತೆಗೆಯುತ್ತಾನೆ. ಫೋರ್ಕಿನ ತುದಿಗೆ ನಾಲ್ಕು ಸಣ್ಣ ಗಾಲಿಗಳ ಮರದ ದಿಮ್ಮಿಯನ್ನು ಅದೇ ಆಕ್ಸಲಿನಿಂದ ಸಿಕ್ಕಿಸುತ್ತಾನೆ. ಸ್ಟ್ಯಾಂಡ್ ಎತ್ತಿ ಒಂದು ಮೊಳದಷ್ಟು ಒಳಗೆ ತಳ್ಳಿದರೆ ಹ್ಯಾಂಡಲ್ ತಲೆ ತಗ್ಗಿಸಿಕೊಂಡು ಬಾಗಿಲನ್ನು ದಾಟುತ್ತದೆ. ಅಭ್ಯಾಸವಾದ ಮೇಲೆ ಇಷ್ಟಕ್ಕೂ ಕಾಲು ಗಂಟೆ ಬೇಡ. ಹತ್ತಿರ ಒಬ್ಬರು ನಿಂತು ಸೀಟು ಹಿಡಿದುಕೊಂಡರೆ ಒಳ್ಳೆಯದು. ಹಳ್ಳಿಯಲ್ಲಿ ಅದಕ್ಕೆ ಜನ ಸಿಕ್ಕೇ ಸಿಗುತ್ತಾರೆ.

ಬಿಗಿಯಲು ಹಗ್ಗವನ್ನು ಮತ್ತೆ ಮುಟ್ಟಲಿಲ್ಲ. ನೆಲದಲ್ಲಿ ನಾಲ್ಕು ಉಂಗುರದ ಬೋಲ್ಟುಗಳನ್ನು ಕೂರಿಸಿ, ತಗಡು ಹರಿಯದಂತೆ ಅಡಿಯಲ್ಲಿ ದಪ್ಪ ಪಟ್ಟಿ ಕೊಟ್ಟೆವು. ರಂಧ್ರ ಕೊರೆಯುವ ಮೊದಲು ತಮ್ಮ ಗಾಡಿಯ ಕೆಳಗೆ ಮಲಗಿ ಪೆಟ್ರೋಲ್ ಟ್ಯಾಂಕು, ಕೊಳವೆ, ಬ್ರೇಕ್ ಪೈಪ್ ಎಲ್ಲಿವೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಹಿಡಿ ಆಡಿಸಿ ಬಿಗಿಯುವ ರ‍್ಯಾಚೆಟ್ ಬೆಲ್ಟುಗಳನ್ನು ಹ್ಯಾಂಡಲಿನ ತುದಿಗಲ್ಲ, ಫೋರ್ಕನ್ನು ಹಿಡಿದಿರುವ ಕೆಳಗಿನ ಕವಲಿಗೆ ಹಾಕುತ್ತಾನೆ. ಎರಡು ಮುಂದೆ, ಎರಡು ಹಿಂದೆ ಫ್ರೇಮಿಗೆ. ಬಿಗಿದ ಮೇಲೆ ಬೈಕು ನಡುವಿನ ಸ್ಟ್ಯಾಂಡಿನ ಮೇಲೆ ಇರಬಾರದು. ಕುಲುಕಾಟಕ್ಕೆ ಅದರ ಕಾಲು ಬಾಗುತ್ತದೆ.

ಮೇಷ್ಟ್ರ ಮನೆಗೆ ರೋಡ್‌ಕಿಂಗನ್ನು ತಲುಪಿಸಿದ್ದು ಅದೇ ಈಕೋದಲ್ಲಿ. ನಾನೂ ಹೋಗಿದ್ದೆ. ಹಾಸನ ದಾಟುವಾಗ ಒಳಗೆ ಪೆಟ್ರೋಲ್ ವಾಸನೆ ಏರಿತು. ಈಕೋದಲ್ಲಿ ಎಂಜಿನ್ ನಮ್ಮ ಸೀಟಿನ ಅಡಿಯಲ್ಲೇ ಇದೆ, ಬೈಕು ನಮ್ಮ ಬೆನ್ನಿಗೆ ಇದೆ. ತಮ್ಮ ತಕ್ಷಣ ಬದಿಗೆ ನಿಲ್ಲಿಸಿ ಬಾಗಿಲುಗಳನ್ನೆಲ್ಲ ತೆರೆದ. ಬೈಕಿನ ಪೆಟ್ರೋಲ್ ಕಾಕ್ ಮುಚ್ಚಿದ್ದರೂ ಹಳೆಯ ವಾಷರಿನಿಂದ ಹನಿಹನಿಯಾಗಿ ಜಿನುಗುತ್ತಿತ್ತು. ಟ್ಯಾಂಕನ್ನು ಕ್ಯಾನಿಗೆ ಬಸಿದು, ಮುಚ್ಚಳ ಬಿಗಿದು, ಹತ್ತಿರದ ಬಂಕಿನವರಿಗೆ ಕೊಟ್ಟು ಹೊರಟೆವು. ಈಗ ಟ್ಯಾಂಕು ಮತ್ತು ಕಾರ್ಬ್ಯುರೇಟರ್ ಬರಿದು ಮಾಡದೆ ಯಾವ ಬೈಕನ್ನೂ ಅವನು ಹಲಗೆಯ ಹತ್ತಿರ ತರುವುದಿಲ್ಲ.

ಮೇಷ್ಟ್ರು ಟ್ಯಾಂಕಿನ ಎಡಬದಿಗೆ ಬಗ್ಗಿ ನೋಡಿದರು. ಪೂರ್ತಿ ಬಣ್ಣ ಹೊಡೆಯದೆ, ಕಿತ್ತುಹೋದ ಅಷ್ಟೇ ಜಾಗವನ್ನು ತುಂಬಿ, ಅಂಚನ್ನು ಹಾಗೇ ಬಿಟ್ಟಿದ್ದ ತಮ್ಮ. ಅವರು ಬೆರಳಿನಿಂದ ಆ ಅಂಚನ್ನು ಎರಡು ಬಾರಿ ಸವರಿದರು. ಆಮೇಲೆ, "ನನ್ನ ಹತ್ತಿರ ಇನ್ನೊಂದು ಇದೆಯಪ್ಪ, ಹಿಂದಿನ ಗೋದಾಮಿನಲ್ಲಿ. ಇವತ್ತೇ ಹಾಕಿಕೊಂಡು ಹೋಗುತ್ತೀಯಾ?" ಎಂದರು. ತಮ್ಮ ವ್ಯಾನಿನೊಳಗಿಂದ ಬಿದಿರುಕೋಲುಗಳನ್ನು ತೆಗೆದುಕೊಂಡು ಅವರ ಹಿಂದೆ ನಡೆದ.